ಪದಚರ್ಚೆ: ‘ಹೆರಿಟೇಜ್’ ಕೋಳಿ ಅಂದರೆ ನಾಟಿಯೇ? ಜೊತೆಗೆ ಜುಟ್ಟು, ಬಗೆ, ವಂಶ, ಕುಂದು

ಎಲ್ಲರಿಗೂ ನಮಸ್ಕಾರ.

ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕುವವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ತಮ್ಮ ಹಿಂಡಿನಲ್ಲಿರುವುದು ಯಾವ ತಳಿ, ಆ ತಳಿಗೆ ತಕ್ಕ ಹಾಗಿದೆಯೋ ಇಲ್ಲವೋ ಅಂತ ಅವರೇ ನೋಡಿ ಹೇಳುವಂತಾಗಬೇಕು, ಅಷ್ಟೆ. ವಿಷಯಕ್ಕೆ ತೊಂದರೆಯಿಲ್ಲ, ಪದಗಳೇ ಕೈಕೊಡುತ್ತಿವೆ. ಕೆಲವು ಕಡೆ ನಾನೇ ಒಂದು ಪದ ಆರಿಸಿಕೊಂಡಿದ್ದೇನೆ, ಅದು ನಿಲ್ಲುತ್ತದೆಯೇ ನೋಡಿ ಹೇಳಿ.

ಮೊದಲನೆಯದು ‘ಹೆರಿಟೇಜ್ ಬ್ರೀಡ್’. ಕೇಳಿದವರೆಲ್ಲ ಥಟ್ಟನೆ ಕೊಡುವ ಪದ ‘ನಾಟಿ’, ಇಲ್ಲವೇ ‘ಜವಾರಿ’. ನನಗೆ ಇದು ಸರಿಬರುತ್ತಿಲ್ಲ. ನಾಟಿ ಅಂದರೆ ಫಾರಂ ಕೋಳಿ ಅಲ್ಲದ್ದು ಅಂತ ನಮ್ಮ ಕಿವಿಗೆ ಕೇಳಿಸುತ್ತದೆ. ಬಣ್ಣ ಇಂಥದ್ದೇ, ಕಾಲು ಇಂಥದ್ದೇ ಅನ್ನುವ ಕಟ್ಟುಪಾಡು ಅದಕ್ಕಿಲ್ಲ. ಒಂದೇ ಹೇಂಟೆ ಕಾವು ಕೂತು ತೆಗೆದ ಮರಿಗಳಲ್ಲಿ ಒಂದು ಕರಿ, ಒಂದು ಕೆಂಪು, ಇನ್ನೊಂದು ಬೋಳುಕತ್ತಿನದು ಇರಬಹುದು. ಎಲ್ಲವೂ ನಾಟಿಯೇ.

ಹೆರಿಟೇಜ್ ಅನ್ನುವ ಮಾತಿಗೆ ಗಟ್ಟಿಯಾದ ವ್ಯಾಖ್ಯೆ ಕೊಟ್ಟಿರುವುದು ಅಮೆರಿಕದ ಲೈವ್‌ಸ್ಟಾಕ್ ಕನ್ಸರ್ವೆನ್ಸಿ ಎಂಬ ಸಂಸ್ಥೆ. ಅದರ ಪ್ರಕಾರ ಆ ತಳಿಯನ್ನು ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ 20ನೇ ಶತಮಾನದ ನಡುಭಾಗಕ್ಕೂ ಮೊದಲೇ ಒಪ್ಪಿರಬೇಕು. (ಈ ಅಸೋಸಿಯೇಷನ್ ಶುರುವಾದದ್ದು 1873ರಲ್ಲಿ. ತಳಿಗಳ ಲಕ್ಷಣ ಹೇಳುವ ಅದರ ಮೊದಲ ಪುಸ್ತಕ ಬಂದದ್ದು ಮರುವರ್ಷವೇ.) ಹುಂಜ, ಹೇಂಟೆ ತಾವಾಗೇ ಕೂಡಿ ಮರಿಯಾಗಬೇಕು. ಹೊರಗೆ ಓಡಾಡಿಕೊಂಡು ಬಹಳ ವರ್ಷ ಬಾಳಬೇಕು: ಹೇಂಟೆ ಐದರಿಂದ ಏಳು ವರ್ಷ, ಹುಂಜ ಮೂರರಿಂದ ಐದು ವರ್ಷ ಕೆಲಸಕ್ಕೆ ಬರಬೇಕು. ನಿಧಾನವಾಗಿ ಬೆಳೆಯಬೇಕು, ಮಾರುವ ತೂಕಕ್ಕೆ ಬರಲು 16 ವಾರವಾದರೂ ಹಿಡಿಯಬೇಕು. ಬ್ರಾಯ್ಲರ್ ಆರೇಳು ವಾರಕ್ಕೆ ಮುಗಿಯುತ್ತದೆ ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ.

ನಮ್ಮ ನಾಟಿ ಕೋಳಿ ಈ ನಾಲ್ಕರಲ್ಲಿ ಕೊನೆಯ ಮೂರರಲ್ಲಿ ಆರಾಮಾಗಿ ಪಾಸಾಗುತ್ತದೆ. ಮೊದಲನೆಯದರಲ್ಲಿ ಮಾತ್ರ ಇಲ್ಲ. ಅದು ಕೋಳಿಯ ತಪ್ಪೇನೂ ಅಲ್ಲ, ಅದಕ್ಕೆ ಬರೆದಿಟ್ಟ ಲಕ್ಷಣಪಟ್ಟಿ ಇಲ್ಲ ಅಷ್ಟೆ. ಆದರೆ ಗುರುತು ಹಿಡಿಯುವ ಕೆಲಸವೆಲ್ಲ ನಿಂತಿರುವುದು ಆ ಪಟ್ಟಿಯ ಮೇಲೇ ಅಲ್ವಾ?

‘ಪಾರಂಪರಿಕ ತಳಿ’ ಅನ್ನಬಹುದು. ಸರ್ಕಾರಿ ಫಲಕದ ವಾಸನೆ ಬರುತ್ತದೆ ಅನ್ನುವುದೊಂದೇ ನನ್ನ ತಕರಾರು. ‘ಅಚ್ಚ ತಳಿ’ ಕೇಳಲು ಚೆನ್ನಾಗಿದೆ, ಅರ್ಥ ಮಾತ್ರ ಬೇರೆ ಕಡೆ ಹೋಗುತ್ತದೆ. ಮೊಟ್ಟೆ ಉದ್ಯಮಕ್ಕೆಂದೇ ತಿದ್ದಿದ ಬಿಳಿ ಲೆಗ್‌ಹಾರ್ನ್ ಕೂಡ ಅಚ್ಚ ಲೆಗ್‌ಹಾರ್ನೇ ಆಗಿರಬಹುದು. ಹಾಗಂತ ಅದನ್ನು ಹೆರಿಟೇಜ್ ಅನ್ನಲು ಬರುವುದಿಲ್ಲ. ನನ್ನ ಮತ ‘ಹಳೆ ತಳಿ’ಗೆ. ಒಂದೇ ಭಯ, ‘ಹಳೆ ತಳಿ ಕೋಳಿ’ ಅಂದರೆ ಮುದಿ ಕೋಳಿ ಅಂದುಕೊಳ್ಳುವವರು ಇದ್ದೇ ಇರುತ್ತಾರೆ.

ಎರಡನೆಯದು ಇದಕ್ಕಿಂತ ಕಷ್ಟದ್ದು. ಇಂಗ್ಲಿಷಿನ ‘ಬ್ರೀಡ್’, ‘ವೆರೈಟಿ’, ‘ಸ್ಟ್ರೇನ್’ ಮೂರಕ್ಕೂ ನಾವು ‘ತಳಿ’ ಅಂದುಬಿಡುತ್ತೇವೆ. ಕೋಳಿ ನೋಡುವವರಲ್ಲಿ ಒಂದು ಮಾತಿದೆ: ಮೈಕಟ್ಟು ತಳಿ ಹೇಳುತ್ತದೆ, ಬಣ್ಣ ಬಗೆ ಹೇಳುತ್ತದೆ. ಪ್ಲಿಮತ್ ರಾಕ್ ಅನ್ನುವುದು ತಳಿ. ಅದರಲ್ಲಿ ಪಟ್ಟೆಯದು, ಬಿಳಿಯದು, ಇನ್ನೂ ಹಲವು ಬಣ್ಣದ್ದು ಇವೆ, ಅವು ಬಗೆ. ಹಾಗಾಗಿ ‘ವೆರೈಟಿ’ಗೆ ‘ಬಗೆ’ ಅಂತ ಇಟ್ಟುಕೊಂಡಿದ್ದೇನೆ.

‘ಸ್ಟ್ರೇನ್’ಗೆ ‘ವಂಶ’. ಇದು ಏಕೆ ಬೇಕು ಅಂದರೆ, ರೋಡ್ ಐಲ್ಯಾಂಡ್ ರೆಡ್ ಕೋಳಿ ತಗೊಳ್ಳಿ. ಹಳೆ ವಂಶದ್ದು ಹೆಚ್ಚುಕಡಿಮೆ ಕಪ್ಪು ಅನ್ನಿಸುವಷ್ಟು ಗಾಢ ಕೆಂಪು. ಬೆನ್ನು ಉದ್ದ, ನೆಲಕ್ಕೆ ಸಮ. ಪಕ್ಕದಿಂದ ನೋಡಿದರೆ ಮೈ ಇಟ್ಟಿಗೆಯ ಹಾಗೆ ಚೌಕ. ಪಟ್ಟಿಯ ಪ್ರಕಾರ ಬೆಳೆದ ಹುಂಜ ಸುಮಾರು 3.9 ಕಿಲೋ, ಹೇಂಟೆ 2.9 ಕಿಲೋ ತೂಗಬೇಕು. ಮೊಟ್ಟೆಗೆಂದು ಬೆಳೆಸಿದ ವಂಶದ್ದು ಮೈಯಲ್ಲಿ ಸಣ್ಣದು, ಬಣ್ಣವೂ ತೆಳು. ಮಾರುವವರು ಎರಡನ್ನೂ ಅದೇ ಹೆಸರಲ್ಲಿ ಮಾರುತ್ತಾರೆ. ತಳಿ ಒಂದೇ, ವಂಶ ಬೇರೆ ಅನ್ನಲು ನಮಗೊಂದು ಪದ ಇಲ್ಲದಿದ್ದರೆ ಈ ವ್ಯತ್ಯಾಸ ಹೇಳುವುದೇ ಆಗುವುದಿಲ್ಲ.

ಹೈಬ್ರಿಡ್‌ಗೆ ‘ಮಿಶ್ರತಳಿ’ ಅನ್ನುವುದನ್ನೂ ಬಿಡಬೇಕು ಅನ್ನಿಸುತ್ತದೆ. ಪಟ್ಟೆ ಪ್ಲಿಮತ್ ರಾಕ್ ಹೇಂಟೆಗೆ ರೋಡ್ ಐಲ್ಯಾಂಡ್ ರೆಡ್ ಹುಂಜ ಕೂಡಿಸಿದರೆ ಹುಟ್ಟುವ ಗಂಡುಮರಿಗಳಿಗೆ ತಲೆ ಮೇಲೆ ಬಿಳಿ ಚುಕ್ಕೆ, ಹೆಣ್ಣಿಗೆ ಇರುವುದಿಲ್ಲ. ಹೇಂಟೆ ತನ್ನ ಪಟ್ಟೆಯನ್ನು ಗಂಡುಮಕ್ಕಳಿಗೆ ಮಾತ್ರ ಕೊಡುವುದರಿಂದ ಹೀಗೆ. ಹುಟ್ಟಿದ ದಿನವೇ ಗಂಡು ಹೆಣ್ಣು ಗೊತ್ತಾಗುವುದು ಸಾಕುವವರಿಗೆ ಅನುಕೂಲ, ನಿಜ. ಆದರೆ ಆ ಮರಿಗಳು ಬೆಳೆದು ತಮ್ಮೊಳಗೇ ಕೂಡಿದರೆ ಮುಂದಿನವು ಚೆಲ್ಲಾಪಿಲ್ಲಿ. ತನ್ನ ಹಾಗೇ ಇರುವ ಮರಿ ಕೊಡದ್ದನ್ನು ತಳಿ ಅನ್ನುವುದು ಹೇಗೆ? ‘ಬೆರಕೆ’ ಅಂದರೆ ಸಾಕು. ನೀಲಿ ಮೊಟ್ಟೆಯ ಬೆರಕೆ ಕೋಳಿಯನ್ನು ಅಮೆರೊಕಾನ ಎಂಬ ತಳಿಯ ಹೆಸರಲ್ಲಿ ಮಾರುವುದು ಬೇರೆ ಇದೆ.

ಇನ್ನು ಜುಟ್ಟು. ಕೋಳಿಯ ತಲೆ ಮೇಲಿನ ಕೆಂಪು ಮಾಂಸಕ್ಕೆ ನಾವು ಜುಟ್ಟು ಅನ್ನುತ್ತೇವೆ. ಕೋಳಿಜುಟ್ಟು ಹೂವಿಗೆ ಹೆಸರು ಬಂದದ್ದೂ ಅದರಿಂದಲೇ. ಪೋಲಿಷ್, ಸಿಲ್ಕಿ ತಳಿಗಳಿಗೆ ತಲೆ ಮೇಲೆ ಗರಿಗಳ ಗುಡ್ಡೆ ಇರುತ್ತದೆ, ಅದಕ್ಕೂ ಜುಟ್ಟು ಅನ್ನುತ್ತೇವೆ! ಪೋಲಿಷ್ ಕೋಳಿಗಂತೂ ಎರಡೂ ಇವೆ: ಗರಿಯ ಗುಡ್ಡೆ, ಅದರ ಮುಂದೆ ಎರಡು ಪುಟ್ಟ ಕೊಂಬಿನಂತೆ ಮಾಂಸ. ‘ಜುಟ್ಟು ಹೇಗಿದೆ?’ ಅಂದರೆ ಯಾವುದನ್ನು ಹೇಳಬೇಕು? ಮಾಂಸದ್ದಕ್ಕೆ ಜುಟ್ಟು, ಗರಿಯದಕ್ಕೆ ‘ತುರಾಯಿ’ ಅಂತ ಹಂಚಿದ್ದೇನೆ. ‘ಶಿಖೆ’ ಬೇಡ, ಅದೂ ಎರಡೂ ಕಡೆ ನುಗ್ಗುತ್ತದೆ.

ಜುಟ್ಟಿನ ಬಗೆಗಳ ಹೆಸರೂ ತಲೆಬಿಸಿ. ಎತ್ತರಕ್ಕೆ ನಿಂತು ಗರಗಸದ ಹಲ್ಲಿರುವುದು ‘ಒಂಟಿ ಜುಟ್ಟು’, ಸರಿ. ‘ರೋಸ್ ಕೋಂಬ್’ಗೆ ‘ಗುಲಾಬಿ ಜುಟ್ಟು’ ಅಂದರೆ ಓದುಗ ಹೂವನ್ನು ಹುಡುಕುತ್ತಾನೆ. ಅಲ್ಲಿರುವುದು ತಲೆಗೆ ಅಂಟಿಕೊಂಡ ಅಗಲ ಮಾಂಸ, ಮೇಲೆಲ್ಲ ಸಣ್ಣ ಗುಳ್ಳೆ, ಹಿಂದೆ ಒಂದು ಮೊನೆ. ‘ಪೀ ಕೋಂಬ್’ನಲ್ಲೂ ಬಟಾಣಿ ಕಾಣುವುದಿಲ್ಲ. ಉದ್ದಕ್ಕೆ ಮೂರು ತಗ್ಗಿನ ಏಣು, ನಡುವಿನದು ಸ್ವಲ್ಪ ಎತ್ತರ. ನಾನು ‘ಚಪ್ಪಟೆ ಜುಟ್ಟು’, ‘ಮೂರೇಣು ಜುಟ್ಟು’ ಅಂತ ಬರೆದೆ. ಇಲ್ಲಿ ಒಂದು ಅಡ್ಡಿ ಇದೆ. ಇವೆರಡನ್ನು ಕೂಡಿಸಿದರೆ ಮರಿಗೆ ಅಕ್ರೋಟು ಜುಟ್ಟು ಬರುತ್ತದೆ ಅಂತ ಬೇಟ್ಸನ್, ಪನೆಟ್ ಎಂಬ ವಿಜ್ಞಾನಿಗಳು ತೋರಿಸಿದ್ದು ಜೀವಶಾಸ್ತ್ರದ ಪಾಠದಲ್ಲಿ ಬರುತ್ತದೆ. ಅಲ್ಲಿ ಗುಲಾಬಿ, ಬಟಾಣಿ ಅಂತ ಓದಿದವರಿಗೆ ನನ್ನ ಪದ ಗೊಂದಲ ಮಾಡೀತೇ?

ಇದು ಸುಮ್ನೆ ಪದದ ಹಟ ಅಲ್ಲ. ಡೊಮಿನಿಕ್ ಮತ್ತು ಪಟ್ಟೆ ಪ್ಲಿಮತ್ ರಾಕ್ ದೂರದಿಂದ ಒಂದೇ ಥರ, ಎರಡಕ್ಕೂ ಕಪ್ಪು ಬಿಳಿ ಪಟ್ಟೆ. ಜುಟ್ಟು ನೋಡಿದರೆ ಮುಗಿಯಿತು: ಡೊಮಿನಿಕ್‌ಗೆ ಚಪ್ಪಟೆ, ರಾಕ್‌ಗೆ ಒಂಟಿ. ಕಾಲಿನ ಮೇಲೆ ಗರಿಯಿರುವ ಬ್ರಹ್ಮ, ಕೊಚಿನ್ ತಳಿಗಳೂ ಹಾಗೆಯೇ. ಬ್ರಹ್ಮಕ್ಕೆ ಮೂರೇಣು, ಕೊಚಿನ್‌ಗೆ ಒಂಟಿ.

ಕಿವಿಹಾಲೆಗೆ ಪದದ ತೊಂದರೆಯಿಲ್ಲ. ಅದು ಬಿಳಿ ಇದ್ದರೆ ಮೊಟ್ಟೆ ಬಿಳಿ, ಕೆಂಪಿದ್ದರೆ ಕಂದು ಅನ್ನುವ ಲೆಕ್ಕ ಜಾಸ್ತಿ ತಳಿಗಳಿಗೆ ಹೊಂದುತ್ತದೆ. ಹೊಂದದವೂ ಇವೆ, ಡಾರ್ಕಿಂಗ್ ತಳಿ ಕೆಂಪು ಹಾಲೆ ಇಟ್ಟುಕೊಂಡು ಬಿಳಿ ಮೊಟ್ಟೆ ಇಡುತ್ತದೆ. ಕಾಲಿಗೆ ಐದು ಬೆರಳು ಇರುವುದರಿಂದ ಅದನ್ನು ಗುರುತಿಸುವುದು ಸುಲಭ. ಗಲ್ಲದ ಕೆಳಗೆ ಜೋತಾಡುವ ಕೆಂಪು ಚರ್ಮಕ್ಕೆ ನಿಮ್ಮ ಕಡೆ ಏನನ್ನುತ್ತೀರಿ? ಸದ್ಯಕ್ಕೆ ‘ಜೋಲುಗಲ್ಲ’ ಅಂತ ಬರೆದಿದ್ದೇನೆ, ಮನಸ್ಸಿಗೆ ಒಪ್ಪಿಲ್ಲ.

ಹೇಂಟೆ ಚೆನ್ನಾಗಿ ಮೊಟ್ಟೆ ಇಡುತ್ತಿದೆಯೇ ಅಂತ ನೋಡುವಾಗ ಬರುವ ‘ಬ್ಲೀಚಿಂಗ್’ಗೆ ‘ಬಣ್ಣ ಇಳಿಯುವುದು’ ಅಂದಿದ್ದೇನೆ. ಹಳದಿ ಚರ್ಮದ ತಳಿಗಳಲ್ಲಿ ಮೈಯ ಹಳದಿ ಮೊಟ್ಟೆಯ ಭಂಡಾರಕ್ಕೆ (ಒಳಗಿನ ಹಳದಿ ಭಾಗಕ್ಕೆ) ಹೋಗುತ್ತದೆ. ಮೊದಲು ಮೊಟ್ಟೆ ಬರುವ ಬಾಯಿಯ ಸುತ್ತ ಬಣ್ಣ ಇಳಿಯುತ್ತದೆ, ಆಮೇಲೆ ಕಣ್ಣಿನ ಸುತ್ತ, ಕಿವಿಹಾಲೆ, ಕೊಕ್ಕು, ಕೊನೆಗೆ ಕಾಲು. ಕಾಲು ಪೂರಾ ಬಿಳಿಚಿಕೊಂಡಿದ್ದರೆ ಅದು ತಿಂಗಳುಗಟ್ಟಲೆ ಇಟ್ಟ ಹೇಂಟೆ. ಮೊಟ್ಟೆ ನಿಲ್ಲಿಸಿದರೆ ಅದೇ ಸರದಿಯಲ್ಲಿ ಬಣ್ಣ ವಾಪಸ್ ಏರುತ್ತದೆ. ಇಳಿಯುವುದು, ಏರುವುದು ಜೋಡಿಯಾಗಿ ಕೂತವು, ಇದೊಂದು ಮಾತ್ರ ನನಗೆ ಪೂರ್ತಿ ಖುಷಿ ಕೊಟ್ಟಿದೆ.

ಕೊನೆಯದು ‘ಡಿಫೆಕ್ಟ್’ ಮತ್ತು ‘ಡಿಸ್‌ಕ್ವಾಲಿಫಿಕೇಷನ್’. ಕೋಳಿ ಪ್ರದರ್ಶನದಲ್ಲಿ ತೀರ್ಪುಗಾರರು ಮೊದಲನೆಯದಕ್ಕೆ ಅಂಕ ಕಳೆಯುತ್ತಾರೆ, ಎರಡನೆಯದಿದ್ದರೆ ಹಕ್ಕಿಯನ್ನೇ ಹೊರಗಿಡುತ್ತಾರೆ. ‘ಕುಂದು’ ಮತ್ತು ‘ತಳ್ಳುಕುಂದು’ ಅಂತ ಕಟ್ಟಿದೆ. ‘ಅನರ್ಹತೆ’ ಅಂದರೆ ಚುನಾವಣೆ ನೆನಪಾಗುತ್ತದೆ. ಬಾಲ ಒಂದು ಪಕ್ಕಕ್ಕೇ ವಾಲಿದ್ದರೆ ‘ಸೊಟ್ಟಬಾಲ’. ಬೆನ್ನಿನಿಂದ ನೆಟ್ಟಗೆ ಎದ್ದು ತಲೆಯ ಕಡೆಗೇ ಬಾಗಿದ್ದರೆ ‘ಅಳಿಲುಬಾಲ’. ಇವೆರಡಕ್ಕೂ ತಕರಾರಿರದು ಅಂದುಕೊಂಡಿದ್ದೇನೆ.

ಸಿಕ್ಕಿಹಾಕಿಕೊಂಡಿರುವುದು ‘ಸ್ಟಬ್’ನಲ್ಲಿ. ಪ್ಲಿಮತ್ ರಾಕ್‌ನಂಥ ಬೋಳುಕಾಲಿನ ತಳಿಯಲ್ಲಿ ಕಾಲಿನ ಮೇಲೋ ಬೆರಳ ಸಂದಿಯಲ್ಲೋ ಒಂದೇ ಒಂದು ಕುರುಚಲು ಗರಿ ಕಂಡರೂ ಅದು ತಳ್ಳುಕುಂದು. ‘ಪುಕ್ಕ’ ಅಂದರೆ ದೊಡ್ಡದಾಯಿತು, ‘ತುಪ್ಪಳ’ ಅಂದರೆ ಮೆತ್ತಗಾಯಿತು. ‘ಮೋಟುಗರಿ’ ಅನ್ನಬಹುದೇ, ಅಥವಾ ಕೋಳಿ ಸಾಕುವವರ ಬಾಯಲ್ಲಿ ಇದಕ್ಕೆ ಮೊದಲೇ ಒಂದು ಪದ ಇದೆಯೇ?