ಸರ್ವರ್ ಲಾಗ್ ಪ್ರಶ್ನೋತ್ತರ: ಫೈಲ್‌ಬೀಟ್‌ನಿಂದ ಕಿಬಾನಾವರೆಗೆ

ಅಡ್ಮಿನ್: ನಮಸ್ಕಾರ. ಇವತ್ತಿನ ವಿಷಯ, ಸರ್ವರ್ ಲಾಗ್‌ಗಳನ್ನು (ಸರ್ವರ್‌ನಲ್ಲಿ ನಡೆದದ್ದರ ದಾಖಲೆ ಸಾಲುಗಳು) ಒಂದೇ ಕಡೆ ಸೇರಿಸಿ ಹುಡುಕುವ ವ್ಯವಸ್ಥೆ. ಫೈಲ್‌ಬೀಟ್ ಲಾಗ್ ಓದಿ ಕಳಿಸುತ್ತದೆ, ಲಾಗ್‌ಸ್ಟ್ಯಾಶ್ ವಿಂಗಡಿಸುತ್ತದೆ, ಎಲಾಸ್ಟಿಕ್‌ಸರ್ಚ್ (ಎಲಾಸ್ಟಿಕ್) ಕೂಡಿಟ್ಟು ಹುಡುಕುತ್ತದೆ, ಕಿಬಾನಾ ತೆರೆಯಲ್ಲಿ ತೋರಿಸುತ್ತದೆ. ಉತ್ತರ ಕೊಡುವವರು ನಮ್ಮ ಗುಂಪಿನ ಸಿಸ್ಟಮ್ಸ್ ಮೇಡಂ. ಪ್ರಶ್ನೆಯ ಜೊತೆ ವರ್ಶನ್ ನಂಬರ್ ಮತ್ತು ಎರರ್ ಸಾಲು ಹಾಕಿ. ಪಾಸ್‌ವರ್ಡ್, ಗ್ರಾಹಕರ ವಿವರ ಇರುವ ಸ್ಕ್ರೀನ್‌ಶಾಟ್ ದಯವಿಟ್ಟು ಬೇಡ.

ರಾಜಾಜಿನಗರ ಹುಡುಗ: ಮೇಡಂ, ಒಂದೇ ಸರ್ವರ್ ಇದೆ. ಎಲಾಸ್ಟಿಕ್‌ಸರ್ಚ್ ಯಾವಾಗಲೂ ಹಳದಿ ತೋರಿಸುತ್ತೆ. ಏನಾದರೂ ಹಾಳಾಗಿದೆಯಾ?

ಮೇಡಂ: ಹಾಳಾಗಿಲ್ಲ. ಪ್ರತಿ ಇಂಡೆಕ್ಸ್‌ಗೆ (ಲಾಗ್ ಕೂಡಿಡುವ ಕಂತೆ) ಒಂದು ರೆಪ್ಲಿಕಾ, ಅಂದರೆ ನಕಲು, ಬೇಕು ಅಂತ ಡೀಫಾಲ್ಟ್ ಇರುತ್ತದೆ. ಮೂಲ ಇರುವ ನೋಡ್‌ನಲ್ಲೇ (ಎಲಾಸ್ಟಿಕ್ ಓಡುವ ಯಂತ್ರ) ರೆಪ್ಲಿಕಾ ಇಡಲು ಅದು ಒಪ್ಪುವುದಿಲ್ಲ. ನಿಮ್ಮಲ್ಲಿ ಎರಡನೇ ನೋಡ್ ಇಲ್ಲ. ರೆಪ್ಲಿಕಾ 0 ಮಾಡಿದರೆ ಹಸಿರಾಗುತ್ತದೆ. ಆದರೆ ಆ ಡಿಸ್ಕ್ ಹೋದರೆ ಲಾಗ್ ಎಲ್ಲ ಹೋದಂತೆ. ಸ್ನ್ಯಾಪ್‌ಶಾಟ್ (ಬ್ಯಾಕಪ್) ಬೇರೆ ಕಡೆ ಇಡಿ.

ವಿಂಡೋಸ್ ಬಳಗ: ವಿಂಡೋಸ್ ಸರ್ವರ್‌ನ ಈವೆಂಟ್ ಲಾಗ್ ಕಳಿಸೋದಕ್ಕೆ ವಿನ್‌ಲಾಗ್‌ಬೀಟ್ ಸಾಕಾ, ಎಲಾಸ್ಟಿಕ್ ಏಜೆಂಟ್ ಬೇಕಾ?

ರಾತ್ರಿಪಾಳಿ: ಮೇಡಂ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಹಣ ಪಾವತಿ ಆಪ್‌ನ ಲಾಗ್ ಸಮಸ್ಯೆ. ಮಧ್ಯಾಹ್ನ ಗ್ರಾಹಕರು ಫೋನ್ ಮಾಡಿ ಪೇಮೆಂಟ್ ಫೇಲ್ ಅಂತಾರೆ. ಕಿಬಾನಾದಲ್ಲಿ ಕೊನೆಯ 15 ನಿಮಿಷ ಹಾಕಿ ಹುಡುಕಿದರೆ ಆ ಆರ್ಡರ್ ನಂಬರ್ ಸಿಗೋದೇ ಇಲ್ಲ. ಸಂಜೆ ಮೇಲೆ ನೋಡಿದರೆ ಸಿಗುತ್ತೆ! ಇನ್ನೆರಡು ಆಪ್‌ಗಳ ಲಾಗ್ ತಕ್ಷಣ ಬರುತ್ತೆ. ಲಾಗ್‌ಸ್ಟ್ಯಾಶ್ ನಿಧಾನ ಅಂತ ಮೆಮೊರಿ ಜಾಸ್ತಿ ಮಾಡಿದ್ದಾಯ್ತು. ಏನೂ ಬದಲಾಗಿಲ್ಲ.

ಮೇಡಂ: ಎರಡು ವಿಷಯ ಹೇಳಿ. ಲಾಗ್‌ಸ್ಟ್ಯಾಶ್‌ನಲ್ಲಿ ಇತ್ತೀಚೆಗೆ ಏನು ಬದಲಾಯಿಸಿದಿರಿ? ಮತ್ತೆ, ಸಂಜೆ ಸಿಕ್ಕ ಒಂದು ಸಾಲನ್ನು ತೆರೆದು, ಆಪ್ ಬರೆದ ಸಮಯ ಯಾವುದು, ಟೈಮ್‌ಸ್ಟ್ಯಾಂಪ್ ಫೀಲ್ಡ್‌ನಲ್ಲಿ ಯಾವುದು, ಎರಡನ್ನೂ ಇಲ್ಲಿ ಹಾಕಿ.

ಟೆಕ್ ಮಿತ್ರ: (ಫಾರ್ವರ್ಡ್) *ಲಾಗ್ ಬರ್ತಿಲ್ವಾ? ಎಲ್ಲದಕ್ಕೂ ಒಂದೇ ಪರಿಹಾರ!!* ಫೈಲ್‌ಬೀಟ್ ನಿಲ್ಲಿಸಿ, ರಿಜಿಸ್ಟ್ರಿ ಫೋಲ್ಡರ್ ಡಿಲೀಟ್ ಮಾಡಿ. ಎಲಾಸ್ಟಿಕ್‌ನಲ್ಲಿ ಸೆಕ್ಯುರಿಟಿ ಫಾಲ್ಸ್ ಮಾಡಿ. ನೆಟ್‌ವರ್ಕ್ ಹೋಸ್ಟ್ 0.0.0.0 ಕೊಡಿ. ಎಲ್ಲ ರೀಸ್ಟಾರ್ಟ್ ಮಾಡಿ. 100% ಕೆಲಸ ಮಾಡುತ್ತೆ. ಎಲ್ಲರಿಗೂ ಶೇರ್ ಮಾಡಿ.

ಮೇಡಂ: ಇದನ್ನು ಯಾರೂ ಮಾಡಬೇಡಿ. ರಿಜಿಸ್ಟ್ರಿ ಅಂದರೆ ಯಾವ ಫೈಲನ್ನು ಎಲ್ಲಿಯವರೆಗೆ ಓದಿದ್ದೇನೆ ಎಂದು ಫೈಲ್‌ಬೀಟ್ ಬರೆದಿಟ್ಟುಕೊಳ್ಳುವ ಲೆಕ್ಕ. ಅದನ್ನು ಅಳಿಸಿದರೆ ಎಲ್ಲ ಫೈಲ್‌ಗಳನ್ನೂ ಮೊದಲಿನಿಂದ ಓದಿ ಮತ್ತೆ ಕಳಿಸುತ್ತದೆ. ಒಂದೇ ಸಾಲು ಎರಡೆರಡು ಸಲ ಬರುತ್ತದೆ. ಉಳಿದ ಎರಡು ಸಲಹೆ ಬಾಗಿಲು ತೆಗೆದಿಟ್ಟು ಹೋಗುವ ಕೆಲಸ: ಒಂದು ಪಾಸ್‌ವರ್ಡ್ ತೆಗೆಯುತ್ತದೆ, ಇನ್ನೊಂದು ಹೊರಗಿನ ಯಂತ್ರಗಳೂ ಬರಲು ಬಿಡುತ್ತದೆ.

ಟೆಕ್ ಮಿತ್ರ: ನನಗೆ ಕೆಲಸ ಮಾಡಿದೆ ಮೇಡಂ. ಅದಕ್ಕೇ ಹಾಕಿದೆ.

ರಾತ್ರಿಪಾಳಿ: ಮೇಡಂ, ಹೋದ ವಾರ ಲಾಗ್‌ಸ್ಟ್ಯಾಶನ್ನು ಹಳೆಯ ಸರ್ವರ್‌ನಿಂದ ಡಾಕರ್‌ಗೆ (ಆಪ್‌ಗಳನ್ನು ಕಂಟೈನರ್ ಅನ್ನೋ ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸೋ ಸಾಧನ) ಹಾಕಿದೆವು. ಕಾನ್ಫಿಗ್ ಫೈಲ್ ಅದೇ, ಒಂದಕ್ಷರ ಬದಲಿಸಿಲ್ಲ. ಸಾಲಿನಲ್ಲಿ ಆಪ್ ಬರೆದಿರೋದು 14:05:31. ಟೈಮ್‌ಸ್ಟ್ಯಾಂಪ್ ಫೀಲ್ಡ್ 19:35:31.

ಮೇಡಂ: ಸಿಕ್ಕಿತು. ಸ್ವಲ್ಪ ಉದ್ದ ಬರೆಯುತ್ತೇನೆ. ನಮ್ಮ ದೇಶದಲ್ಲಿ ಈ ತಪ್ಪಿಗೆ ಒಂದು ಗುರುತಿದೆ, ಎಲ್ಲರಿಗೂ ಗೊತ್ತಿರಬೇಕು. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ.

ನಿಮ್ಮ ಲಾಗ್ ತಡವಾಗಿ ಬರುತ್ತಿಲ್ಲ. ತಕ್ಷಣವೇ ಬಂದಿದೆ, ಆದರೆ ಮುಂದಿನ ಸಮಯದಲ್ಲಿ ಹೋಗಿ ಕೂತಿದೆ. ನಿಮ್ಮ ಆಪ್ 14:05:31 ಅಂತ ಬರೆಯುತ್ತದೆ, ಯಾವ ದೇಶದ ಸಮಯ ಅಂತ ಬರೆಯುವುದಿಲ್ಲ. ಲಾಗ್‌ಸ್ಟ್ಯಾಶ್‌ನಲ್ಲಿ ಸಮಯ ಓದುವ ಭಾಗವಾದ ಡೇಟ್ ಫಿಲ್ಟರ್‌ನಲ್ಲಿ ಟೈಮ್‌ಝೋನ್ ಕೊಡದಿದ್ದರೆ ಅದು ತಾನು ಓಡುತ್ತಿರುವ ಯಂತ್ರದ ಟೈಮ್‌ಝೋನ್ ಹಿಡಿಯುತ್ತದೆ. ಹಳೆಯ ಸರ್ವರ್ ಭಾರತದ ಸಮಯದಲ್ಲಿತ್ತು, ಸರಿ ಹೋಗುತ್ತಿತ್ತು. ಡಾಕರ್ ಕಂಟೈನರ್ ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯದಲ್ಲಿ, ಇರುತ್ತದೆ. ಹಾಗಾಗಿ 14:05 ಯುಟಿಸಿ ಎಂದು ತಿಳಿಯಿತು. ಕಿಬಾನಾ ನಿಮ್ಮ ಬ್ರೌಸರ್‌ನ ಸಮಯಕ್ಕೆ ಬದಲಿಸಿ 19:35 ತೋರಿಸಿತು. ಕಾನ್ಫಿಗ್ ಅಕ್ಷರ ಬದಲಾಗಿಲ್ಲ ಅಂದಿರಲ್ಲ, ಅದು ನಿಜ. ಅದರ ಕೆಳಗಿನ ನೆಲ ಬದಲಾಯಿತು. ಇನ್ನೆರಡು ಆಪ್‌ಗಳು ಸಮಯದ ಕೊನೆಗೆ +05:30 ಅಂತ ಬರೆಯುತ್ತಿರಬೇಕು, ನೋಡಿ.

ನಿಜವಾಗಿ ತಡವಾಗಿದ್ದರೆ ಟೈಮ್‌ಸ್ಟ್ಯಾಂಪ್ 14:05 ಅಂತಲೇ ಇದ್ದು, ಸಾಲು ಕಾಣಿಸುವುದು ಮಾತ್ರ ತಡವಾಗುತ್ತಿತ್ತು. ಎರಡು ಸಮಯಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದರೆ ಮೆಮೊರಿಗೆ ಕೈ ಹಾಕುವ ಅಗತ್ಯವೇ ಇರಲಿಲ್ಲ. ಈಗಲೇ ಪರೀಕ್ಷಿಸಿ: ಕಿಬಾನಾದಲ್ಲಿ ಈಗಿನಿಂದ ಮುಂದಿನ 6 ಗಂಟೆ ಆರಿಸಿ. ಇವತ್ತಿನ ಸಾಲುಗಳು ಅಲ್ಲಿ ಸಿಗುತ್ತವೆ.

ಪರಿಹಾರ: ಡೇಟ್ ಫಿಲ್ಟರ್‌ನಲ್ಲಿ ಟೈಮ್‌ಝೋನ್ ಏಷ್ಯಾ/ಕೋಲ್ಕತ್ತಾ ಅಂತ ಕೊಡಿ. ಆಮೇಲೆ ಆಪ್ ಬರೆಯುವವರ ಹತ್ತಿರ ಕೂತು ಸಮಯದ ಜೊತೆ +05:30 ಬರೆಯುವಂತೆ ಮಾಡಿಸಿ. ಎರಡನೆಯದೇ ಗಟ್ಟಿ ಪರಿಹಾರ.

ನನಗೆ ಜಾಸ್ತಿ ಚಿಂತೆ ಇರುವುದು ಅಲರ್ಟ್ ಬಗ್ಗೆ. ಕೊನೆಯ 5 ನಿಮಿಷದಲ್ಲಿ ಇಷ್ಟು ಪೇಮೆಂಟ್ ಫೇಲ್ ಆದರೆ ಮೆಸೇಜ್ ಕಳಿಸು ಅಂತ ನಿಯಮ ಇದೆಯಾ? ಇದ್ದರೆ ಹೋದ ವಾರದಿಂದ ಅದೂ ಐದೂವರೆ ಗಂಟೆ ತಡವಾಗಿ ಬಡಿಯುತ್ತಿದೆ. ಇವತ್ತೇ ಮ್ಯಾನೇಜರ್‌ಗೆ ತಿಳಿಸಿ.

ರಾತ್ರಿಪಾಳಿ: ಇದೆ ಮೇಡಂ. ರಾತ್ರಿ ಬರೋ ಅಲರ್ಟ್ ನೋಡಿ, ಈಗ ಎಲ್ಲ ಸರಿ ಇದೆಯಲ್ಲ ಅಂತ ಮುಚ್ಚುತ್ತಿದ್ದೆವು. ಈಗಲೇ ಹೇಳುತ್ತೇನೆ.

ಟಕ್ಸ್ ಗೆಳೆಯ: ಓಪನ್‌ಸರ್ಚ್‌ಗೆ (ಎಲಾಸ್ಟಿಕ್‌ಸರ್ಚ್‌ನಿಂದ ಕವಲೊಡೆದ ತಂತ್ರಾಂಶ) ಫೈಲ್‌ಬೀಟ್ 8 ಸೇರುತ್ತಿಲ್ಲ. ಯಾಕೆ?

ಮೇಡಂ: ಫೈಲ್‌ಬೀಟ್ 7.13ರಿಂದ ಮುಂದಿನವು ಎದುರಿಗಿರುವುದು ಎಲಾಸ್ಟಿಕ್ ಹೌದಾ ಅಂತ ಪರೀಕ್ಷಿಸುತ್ತವೆ. ಅಲ್ಲದಿದ್ದರೆ ಕಳಿಸುವುದಿಲ್ಲ. ಲಾಗ್ ಕಳಿಸಲು ಫ್ಲುಯೆಂಟ್ ಬಿಟ್ ಅನ್ನುವ ಇನ್ನೊಂದು ಸಾಧನ ಬಳಸಿ.

ಟಕ್ಸ್ ಗೆಳೆಯ: ಅದಕ್ಕೇ ನಾನು ಹೇಳೋದು, ಎಲಾಸ್ಟಿಕ್ ಕಂಪನಿ ನಂಬೋ ಹಾಗಿಲ್ಲ. 2021ರಲ್ಲಿ ಲೈಸೆನ್ಸ್ ಬದಲಿಸಿ ಎಲ್ಲರಿಗೂ ಕೈ ಕೊಟ್ಟರು.

ಬನಶಂಕರಿ: 2024ರಲ್ಲಿ ಎಜಿಪಿಎಲ್ ಅನ್ನೋ ಮುಕ್ತ ಲೈಸೆನ್ಸ್ ಸೇರಿಸಿದ್ದಾರಲ್ಲ. ಪೂರ್ತಿ ಹೇಳಿ.

ಟಕ್ಸ್ ಗೆಳೆಯ: ಮೂರು ವರ್ಷ ಆದಮೇಲೆ ಸೇರಿಸಿದರೆ ನಂಬಿಕೆ ವಾಪಸ್ ಬರುತ್ತಾ? ನಾವು ಓಪನ್‌ಸರ್ಚ್‌ಗೆ ಹೋಗಿಯಾಯ್ತು.

ಬನಶಂಕರಿ: ಓಪನ್‌ಸರ್ಚ್ ಶುರು ಮಾಡಿದ್ದು ಅಮೆಜಾನ್. ದೊಡ್ಡ ಕಂಪನಿ ಕೈ ಬಿಟ್ಟು ಇನ್ನೊಂದು ದೊಡ್ಡ ಕಂಪನಿ ಕೈ ಹಿಡಿದಿರಿ, ಅಷ್ಟೇ.

ಟಕ್ಸ್ ಗೆಳೆಯ: 2024ರಿಂದ ಅದು ಲಿನಕ್ಸ್ ಫೌಂಡೇಶನ್ ಕೆಳಗಿದೆ. ಓದಿ ಮಾತಾಡಿ.

ಬನಶಂಕರಿ: ನೀವೇ ಫೈಲ್‌ಬೀಟ್ ಸೇರಲ್ಲ ಅಂತ ಕೇಳೋಕೆ ಬಂದವರು. ನಾನು ಓದಬೇಕಾ?

ಅಡ್ಮಿನ್: ಇಬ್ಬರೂ ಇದನ್ನು ಇಲ್ಲಿಗೆ ನಿಲ್ಲಿಸಿ. ಪ್ರಶ್ನೆಗಳು ಕಾಯುತ್ತಿವೆ.

ಹೊಸಬಳು: ಮೇಡಂ, ಲಾಗ್ ಬರಲಿಲ್ಲ ಅಂದರೆ ಎಲ್ಲಿಂದ ಹುಡುಕೋಕೆ ಶುರು ಮಾಡಬೇಕು? ಕಾಲೇಜಿನಲ್ಲಿ ಇದನ್ನು ಹೇಳಿಕೊಟ್ಟಿಲ್ಲ.

ಮೇಡಂ: ಒಳ್ಳೆಯ ಪ್ರಶ್ನೆ. ಕಾವೇರಿ ನೀರು ನಮ್ಮ ಊರಿಗೆ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಪಂಪ್‌ಗಳನ್ನು ದಾಟಿ ಬರುತ್ತದೆ. ನಲ್ಲಿಯಲ್ಲಿ ನೀರಿಲ್ಲ ಅಂದರೆ ಎಲ್ಲಿಯವರೆಗೆ ಬಂದಿದೆ ಎಂದು ಮೊದಲು ನೋಡಬೇಕು. ಇಲ್ಲೂ ಹಾಗೇ. ಲಾಗರ್ ಕಮಾಂಡ್‌ನಿಂದ ಎಲ್ಲೂ ಇರದ ಒಂದು ಪದ ಬರೆಯಿರಿ, ನಿಮ್ಮ ಅಜ್ಜಿ ಊರಿನ ಹೆಸರಾದರೂ ಸರಿ. ಸರ್ವರ್‌ನ ಸಿಸ್ಲಾಗ್ ಫೈಲ್‌ನಲ್ಲಿ ಬಂತಾ? ಬಂದರೆ ಫೈಲ್‌ಬೀಟ್ ಟೆಸ್ಟ್ ಔಟ್‌ಪುಟ್ ಓಡಿಸಿ, ಲಾಗ್‌ಸ್ಟ್ಯಾಶ್‌ನ 5044 ಪೋರ್ಟ್ ಮುಟ್ಟುತ್ತಾ ನೋಡಿ. ಆಮೇಲೆ ಕಿಬಾನಾ ಬಿಟ್ಟು ನೇರ ಎಲಾಸ್ಟಿಕ್‌ನಲ್ಲೇ ಆ ಪದ ಹುಡುಕಿ. ಅಲ್ಲಿ ಇದ್ದು ಕಿಬಾನಾದಲ್ಲಿ ಇಲ್ಲದಿದ್ದರೆ ಸಮಯ ಅಥವಾ ಡೇಟಾ ವ್ಯೂ (ಯಾವ ಇಂಡೆಕ್ಸ್ ನೋಡಬೇಕು ಎಂಬ ಆಯ್ಕೆ) ತಪ್ಪಿದೆ. ಯಾವ ಹಂತದಲ್ಲಿ ಪದ ಕಾಣೆಯಾಯಿತೋ ಅಲ್ಲಿಯ ಲಾಗ್ ಓದಿ. ಅದಕ್ಕಿಂತ ಮುಂಚೆ ಏನನ್ನೂ ಅಳಿಸಬೇಡಿ.

ಪೀಣ್ಯ ಐಟಿ: ಮೇಡಂ, ಮೇಲೆ ಬಂದ ಫಾರ್ವರ್ಡ್ ನಿನ್ನೆಯೇ ಬೇರೆ ಗುಂಪಿನಲ್ಲಿ ನೋಡಿ ರಿಜಿಸ್ಟ್ರಿ ಅಳಿಸಿದ್ದೆ. ಈಗ ಯಾವ ಲಾಗೂ ಒಳಗೆ ಹೋಗ್ತಿಲ್ಲ. ಎರರ್‌ನಲ್ಲಿ ಫ್ಲಡ್ ಸ್ಟೇಜ್, ರೀಡ್ ಓನ್ಲಿ ಅಂತ ಬರ್ತಿದೆ. ಎಲಾಸ್ಟಿಕ್ ಡೇಟಾ ಫೋಲ್ಡರ್‌ನಿಂದ ಹಳೆಯ ಫೈಲ್ ತೆಗೆಯಲಾ?

ಮೇಡಂ: ಡೇಟಾ ಫೋಲ್ಡರ್ ಮುಟ್ಟಬೇಡಿ. ಒಂದು ಫೈಲ್ ತೆಗೆದರೂ ಇಂಡೆಕ್ಸ್ ಕೆಡುತ್ತದೆ. ಹಳೆಯ ಲಾಗ್ ಎಲ್ಲ ಮತ್ತೆ ಬಂದು ಡಿಸ್ಕ್ 95% ದಾಟಿದೆ. ಆಗ ಎಲಾಸ್ಟಿಕ್ ತಾನೇ ಬರೆಯುವುದನ್ನು ನಿಲ್ಲಿಸುತ್ತದೆ. ಮೊದಲು ಫೈಲ್‌ಬೀಟ್ ನಿಲ್ಲಿಸಿ. ಬೇಡವಾದ ಹಳೆಯ ಇಂಡೆಕ್ಸನ್ನು ಕಿಬಾನಾದಿಂದ ಪೂರ್ತಿಯಾಗಿ ಅಳಿಸಿ. ಸಾಲು ಸಾಲಾಗಿ ಅಳಿಸಲು ಈ ಸ್ಥಿತಿಯಲ್ಲಿ ಅದು ಬಿಡುವುದಿಲ್ಲ. ಡಿಸ್ಕ್ 90%ಗಿಂತ ಕೆಳಗೆ ಬಂದರೆ 7.4ರಿಂದ ಮುಂದಿನ ವರ್ಶನ್‌ಗಳಲ್ಲಿ ಬೀಗ ತಾನೇ ತೆಗೆಯುತ್ತದೆ.

ಪೀಣ್ಯ ಐಟಿ: ಟೆಕ್ ಮಿತ್ರ ಅವರೇ, ಶೇರ್ ಮಾಡೋ ಮುಂಚೆ ಒಮ್ಮೆ ಯೋಚನೆ ಮಾಡಬಾರದಾ? ನಮ್ಮ ಫ್ಯಾಕ್ಟರಿಯ ಲಾಗ್ ನಿಂತುಹೋಗಿದೆ.

ಟೆಕ್ ಮಿತ್ರ: ನಾನು ನಿಮ್ಮ ಸರ್ವರ್‌ಗೆ ಬಂದು ಒತ್ತಲಿಲ್ಲವಲ್ಲ. ಒಳ್ಳೆಯದಕ್ಕೆ ಹಾಕಿದ್ದು.

ಕೋರಮಂಗಲ: ಮೇಡಂ ನಮ್ಮದೂ ಹಳದಿ ತೋರಿಸುತ್ತೆ, ಯಾಕೆ?

ಮೇಡಂ: ಮೊದಲ ಉತ್ತರ ಓದಿ.

ಲ್ಯಾಬ್ ಸಪೋರ್ಟ್: ನಾನೂ ಆ ಫಾರ್ವರ್ಡ್ ಪ್ರಕಾರ ಸೆಕ್ಯುರಿಟಿ ಫಾಲ್ಸ್ ಮಾಡಿ 0.0.0.0 ಕೊಟ್ಟೆ. ನಿಜ ಹೇಳಬೇಕು ಅಂದರೆ ಲಾಗ್ ಬಂತು. ಒಂದು ಡಯಾಗ್ನೊಸ್ಟಿಕ್ ಲ್ಯಾಬ್‌ನ ಕ್ಲೌಡ್ ಸರ್ವರ್. ಚಿಂತೆ ಇಲ್ಲ, ಯುಎಫ್‌ಡಬ್ಲ್ಯೂನಲ್ಲಿ (ಲಿನಕ್ಸ್ ಫೈರ್‌ವಾಲ್) ಎಲಾಸ್ಟಿಕ್‌ನ 9200 ಪೋರ್ಟ್ ಬ್ಲಾಕ್ ಮಾಡಿದ್ದೇನೆ.

ಮೇಡಂ: ಎಲಾಸ್ಟಿಕ್ ಡಾಕರ್‌ನಲ್ಲಿದೆಯಾ?

ಲ್ಯಾಬ್ ಸಪೋರ್ಟ್: ಹೌದು.

ಮೇಡಂ: ಹಾಗಾದರೆ ಉಳಿದದ್ದೆಲ್ಲ ಬಿಟ್ಟು ಇದನ್ನು ಈಗಲೇ ಮಾಡಿ. ಡಾಕರ್ ಹೊರಗೆ ತೆರೆದ ಪೋರ್ಟನ್ನು ಯುಎಫ್‌ಡಬ್ಲ್ಯೂ ತಡೆಯುವುದಿಲ್ಲ. ಲಿನಕ್ಸ್ ಒಳಗಿನ ನೆಟ್‌ವರ್ಕ್ ನಿಯಮಪಟ್ಟಿಯಾದ ಐಪಿ ಟೇಬಲ್ಸ್‌ನಲ್ಲಿ ಡಾಕರ್ ತನ್ನದೇ ನಿಯಮ ಬರೆಯುತ್ತದೆ, ನಿಮ್ಮ ಬ್ಲಾಕ್ ಪಕ್ಕಕ್ಕೆ ಉಳಿಯುತ್ತದೆ. ಮೊಬೈಲ್ ಡೇಟಾದಿಂದ, ಆಫೀಸ್ ವೈಫೈ ಬಿಟ್ಟು, ಆ ಸರ್ವರ್‌ನ 9200 ತೆರೆದು ನೋಡಿ.

ಲ್ಯಾಬ್ ಸಪೋರ್ಟ್: ತೆರೆಯುತ್ತಿದೆ. ಪಾಸ್‌ವರ್ಡ್ ಕೇಳಲಿಲ್ಲ.

ಮೇಡಂ: ಕ್ಲೌಡ್‌ನ ಸೆಕ್ಯುರಿಟಿ ಗ್ರೂಪ್‌ನಲ್ಲಿ (ಕ್ಲೌಡ್ ಕಡೆಯ ಫೈರ್‌ವಾಲ್) 9200 ಮತ್ತು ಕಿಬಾನಾದ 5601 ಮುಚ್ಚಿ. ಮೊದಲು ಅದು. ಆಮೇಲೆ ಡಾಕರ್ ಪೋರ್ಟ್‌ನ ಮುಂದೆ 127.0.0.1 (ಆ ಯಂತ್ರದ ಒಳಗಿನಿಂದ ಮಾತ್ರ ಎಂದರ್ಥ) ಸೇರಿಸಿ, ಸೆಕ್ಯುರಿಟಿ ಮತ್ತೆ ಆನ್ ಮಾಡಿ. 2022ರ 8.0 ವರ್ಶನ್‌ನಿಂದ ಅದು ಮೊದಲೇ ಆನ್ ಆಗಿ ಬರುತ್ತದೆ. ಸುಮ್ನೆ ಕೊಟ್ಟಿದ್ದಲ್ಲ. 2017ರಲ್ಲಿ ತೆರೆದಿದ್ದ ಎಲಾಸ್ಟಿಕ್ ಸರ್ವರ್‌ಗಳನ್ನು ಅಳಿಸಿ, ದುಡ್ಡು ಕೊಡಿ ಅಂತ ಚೀಟಿ ಇಟ್ಟು ಹೋದರು. 2020ರಲ್ಲಿ ಚೀಟಿಯೂ ಇಡದೆ ಅಳಿಸಿ, ಮಿಯಾವ್ ಅನ್ನೋ ಹೆಸರು ಬಿಟ್ಟು ಹೋದರು. ಇಂಥ ಸರ್ವರ್‌ಗಳನ್ನು ಹುಡುಕುವುದು ಸ್ಕ್ರಿಪ್ಟ್. ನಿಮ್ಮದು ಸಣ್ಣ ಲ್ಯಾಬ್ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಲಾಗ್‌ನಲ್ಲಿ ರೋಗಿಗಳ ಹೆಸರು, ಫೋನ್, ಒಟಿಪಿ ಬರುತ್ತದೆಯಾ? ಇಂಡೆಕ್ಸ್ ಪಟ್ಟಿಯಲ್ಲಿ ನೀವು ಮಾಡದ ಹೆಸರು ಇದೆಯಾ? ನೋಡಿ ಹೇಳಿ. ಯಾವ ಲಾಗನ್ನೂ ಅಳಿಸಬೇಡಿ, ಅವೇ ಸಾಕ್ಷಿ.

ಬನಶಂಕರಿ: ಇದನ್ನು ಸರ್ಟ್-ಇನ್‌ಗೆ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) ತಿಳಿಸಬೇಕು ಅಲ್ವಾ ಮೇಡಂ?

ಟೆಕ್ ಮಿತ್ರ: ಅದೆಲ್ಲ ದೊಡ್ಡ ಕಂಪನಿಗಳಿಗೆ. ಸುಮ್ನೆ ಹೆದರಿಸಬೇಡಿ.

ಮೇಡಂ: ತಪ್ಪು. ಸರ್ಟ್-ಇನ್‌ನ 28 ಏಪ್ರಿಲ್ 2022ರ ಆದೇಶ ಎಲ್ಲ ಸಂಸ್ಥೆಗಳಿಗೂ ಇದೆ. ಸಣ್ಣ ಉದ್ಯಮಗಳಿಗೆ ಕೊಟ್ಟಿದ್ದು 25 ಸೆಪ್ಟೆಂಬರ್ 2022ರವರೆಗೆ ಸಮಯ ಮಾತ್ರ. ಡೇಟಾ ಸೋರಿಕೆಯಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು. ಲಾಗ್‌ಗಳನ್ನು 180 ದಿನ ಇಡಬೇಕು. ಗಡಿಯಾರವನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ಎನ್‌ಪಿಎಲ್ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸಮಯಕ್ಕೆ ಹೊಂದಿಸಬೇಕು. ನಿಮ್ಮ ಫಾರ್ವರ್ಡ್‌ನಿಂದ ಒಬ್ಬರ ಲಾಗ್ ನಿಂತಿದೆ, ಇನ್ನೊಬ್ಬರ ರೋಗಿಗಳ ವಿವರ ಬೀದಿಗೆ ಬಂದಿರಬಹುದು. ಆ ಮೆಸೇಜ್ ಅಳಿಸಿ.

ಟೆಕ್ ಮಿತ್ರ: ಸಹಾಯ ಮಾಡೋಕೆ ಬಂದರೆ ಇದೇ ಗತಿ. ನಾನು ಗುಂಪು ಬಿಡ್ತೀನಿ.

ಅಡ್ಮಿನ್: ಆ ಮೆಸೇಜನ್ನು ನಾನೇ ಅಳಿಸಿದ್ದೇನೆ.

ವಿಂಡೋಸ್ ಬಳಗ: ನನ್ನ ಪ್ರಶ್ನೆ ಯಾರಾದರೂ ನೋಡಿದಿರಾ?

ಯಲಹಂಕ: ಮೇಡಂ, ಕ್ಲಸ್ಟರ್ ಹಳದಿ...

ಮೇಡಂ: ಮೇಲೆ ಓದಿ. ಲ್ಯಾಬ್ ಸಪೋರ್ಟ್, ಎಲ್ಲಿದ್ದೀರಿ?

ಲ್ಯಾಬ್ ಸಪೋರ್ಟ್: ಪೋರ್ಟ್ ಮುಚ್ಚಿದೆ ಮೇಡಂ. ಮೊಬೈಲ್‌ನಿಂದ ಈಗ ತೆರೆಯುತ್ತಿಲ್ಲ. ಇಂಡೆಕ್ಸ್ ಪಟ್ಟಿಯಲ್ಲಿ ಹೊಸ ಹೆಸರು ಇಲ್ಲ. ಆದರೆ ಲಾಗ್‌ನಲ್ಲಿ ಫೋನ್ ನಂಬರ್ ಇದೆ. ಲಾಗಿನ್ ಟೋಕನ್ (ಲಾಗಿನ್ ಆದವರಿಗೆ ಪಾಸ್‌ವರ್ಡ್ ಬದಲು ಸಿಗುವ ಗುರುತು) ಕೂಡ ಇದೆ.

ಮೇಡಂ: ಹೊಸ ಹೆಸರಿಲ್ಲ ಅಂದರೆ ಯಾರೂ ಚೀಟಿ ಬಿಟ್ಟು ಹೋಗಿಲ್ಲ ಅಷ್ಟೇ. ಓದಿಕೊಂಡು ಹೋಗಿದ್ದರೆ ಪಟ್ಟಿಯಲ್ಲಿ ಗುರುತು ಇರುವುದಿಲ್ಲ. ಕ್ಲೌಡ್‌ನ ನೆಟ್‌ವರ್ಕ್ ಫ್ಲೋ ಲಾಗ್ ಆನ್ ಇದ್ದರೆ, ತೆರೆದಿದ್ದ ಅವಧಿಯಲ್ಲಿ 9200ಗೆ ಯಾರು ಬಂದರು, ಎಷ್ಟು ಡೇಟಾ ಹೊರಗೆ ಹೋಯಿತು ಅಂತ ತೆಗೆಯಿರಿ. ಆ ಟೋಕನ್‌ಗಳನ್ನೆಲ್ಲ ಈಗಲೇ ರದ್ದು ಮಾಡಿಸಿ, ಎಲ್ಲರೂ ಮತ್ತೆ ಲಾಗಿನ್ ಆಗಲಿ. ಲ್ಯಾಬ್ ಮಾಲೀಕರಿಗೆ ಫೋನ್ ಮಾಡಿ, ಮೇಲ್ ಸಾಲದು. ತೆರೆದ ಸಮಯ, ಮುಚ್ಚಿದ ಸಮಯ ಎರಡನ್ನೂ ಬರೆದಿಡಿ. 6 ಗಂಟೆಯ ಲೆಕ್ಕ ನೀವು ಮೊಬೈಲ್‌ನಲ್ಲಿ ತೆರೆದು ನೋಡಿದ ಹೊತ್ತಿನಿಂದ ಅಂತ ಇಟ್ಟುಕೊಳ್ಳಿ. ಸರ್ಟ್-ಇನ್ ಫಾರಂ ತುಂಬುವಾಗ ಯಾವ ಸಾಲಿನಲ್ಲಾದರೂ ಸಿಕ್ಕಿಕೊಂಡರೆ ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ. ಇವತ್ತು ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ.