ಇನ್ನೊಂದು ಮಗು ಬಳಸಿದ ಬಟ್ಟೆ ಡೈಪರ್: ಸೋಂಕು ಕಳೆಯುವುದು ಹೇಗೆ, ಎಲ್ಲವನ್ನೂ ಕುದಿಸಬಹುದೇ?

ಹತ್ತಿಮೂಟೆ:

ಬಳಸಿದ ಬಟ್ಟೆ ಡೈಪರ್‌ಗಳ ಒಂದು ಚೀಲ ಸಿಕ್ಕಿದೆ. ಅದರಲ್ಲಿ 14 ಪಾಕೆಟ್ ಡೈಪರ್ (ಹೊರಗೆ ನೀರು ತಡೆಯುವ ಪಿಯುಎಲ್, ಒಳಗೆ ಫ್ಲೀಸ್), 20 ಮೈಕ್ರೋಫೈಬರ್ ಇನ್ಸರ್ಟ್ (ಪಾಕೆಟ್ ಒಳಗೆ ತೂರಿಸುವ, ಒದ್ದೆ ಹೀರುವ ಪಟ್ಟಿ), 10 ಹತ್ತಿಯ ಚೌಕ ಬಟ್ಟೆ, 2 ಉಣ್ಣೆ ಕವರ್ ಇವೆ. ಎರಡು ವರ್ಷ ಪೆಟ್ಟಿಗೆಯಲ್ಲಿ ಇದ್ದವು. ಕಲೆ ಹೆಚ್ಚಿಲ್ಲ. ಆದರೆ ಇನ್ಸರ್ಟ್ ಒದ್ದೆಯಾದ ಕೂಡಲೇ ಮೂಗಿಗೆ ಹೊಡೆಯುವ ವಾಸನೆ ಬರುತ್ತದೆ. ಹಿಂದೆ ಬಳಸಿದ ಮಗುವಿಗೆ ಒಮ್ಮೆ ಫಂಗಸ್‌ನಿಂದ ಕೆಂಪು ಗುಳ್ಳೆ ಎದ್ದಿತ್ತು ಎಂದು ಕೊಟ್ಟವರೇ ಹೇಳಿದ್ದಾರೆ.

ಇವು ನವಜಾತ ಶಿಶುವಿಗೆ ಬೇಕು. ಎಲ್ಲವನ್ನೂ ಒಟ್ಟಿಗೆ ಕುದಿಸಿದರೆ ಸಾಕೇ? ವಿನೆಗರ್ ಅಥವಾ ಆ್ಯಂಟಿಸೆಪ್ಟಿಕ್ ದ್ರವ ಹಾಕಿದರೆ ಸಾಲದೇ? ಬ್ಲೀಚ್ ಬೇಕೇ ಬೇಕು ಅಂದರೆ ಎಷ್ಟು ನೀರಿಗೆ ಎಷ್ಟು?

ನೂಲುಗಂಟು:

ಎಲ್ಲವನ್ನೂ ಒಟ್ಟಿಗೆ ಕುದಿಸಬೇಡಿ. ಪಿಯುಎಲ್ ಅಂದರೆ ಪಾಲಿಯೆಸ್ಟರ್ ಬಟ್ಟೆಯ ಹಿಂಬದಿಗೆ ಅಂಟಿಸಿದ ಪಾಲಿಯುರೆಥೇನ್‌ನ ತೆಳು ಪೊರೆ. ಕುದಿಯುವ ನೀರಿಗೆ ಬಿದ್ದರೆ ಪೊರೆ ಬಟ್ಟೆಯಿಂದ ಬಿಟ್ಟುಕೊಳ್ಳುತ್ತದೆ, ಕಾಲಿನ ಸುತ್ತಲಿನ ಎಲಾಸ್ಟಿಕ್ ಸಡಿಲವಾಗುತ್ತದೆ. ಸೋಂಕು ಹೋಗುವಾಗ ಡೈಪರೇ ಹೋಗಿರುತ್ತದೆ.

ನೀರಿಗೆ ಹಾಕುವ ಮುಂಚೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ಪೊರೆಯಲ್ಲಿ ಸೂಜಿಮೊನೆಯಷ್ಟು ತೂತು, ಗುಳ್ಳೆ, ಬಿರುಕು ಕಂಡರೆ ಅದನ್ನು ಬದಿಗಿಡಿ. ಸೋಂಕು ಕಳೆದರೂ ಅದು ಸೋರುತ್ತದೆ. ಎಲಾಸ್ಟಿಕ್ ಎಳೆದಾಗ ಕರಕರ ಸದ್ದು ಬಂದರೆ, ಅಥವಾ ಬಿಟ್ಟ ಮೇಲೆ ಹಿಂದಕ್ಕೆ ಬಾರದಿದ್ದರೆ ಒಳಗಿನ ರಬ್ಬರ್ ಸತ್ತಿದೆ ಎಂದರ್ಥ. ಪೊರೆ ಚೆನ್ನಾಗಿದ್ದರೆ ಎಲಾಸ್ಟಿಕ್ ಮಾತ್ರ ಬದಲಾಯಿಸಿ ಹೊಲಿಸಬಹುದು. ಬಟನ್‌ಗಳನ್ನೆಲ್ಲ ಒಮ್ಮೆ ಹಾಕಿ ತೆಗೆದು ನೋಡಿ.

ಆಮೇಲೆ ಬರುವ ಹೆಜ್ಜೆಯನ್ನೇ ಹೆಚ್ಚಿನವರು ಬಿಡುವುದು: ಬ್ಲೀಚ್‌ಗೆ ಹಾಕುವ ಮೊದಲು ಬಟ್ಟೆ ಸ್ವಚ್ಛವಾಗಿರಬೇಕು. ಕೊಳೆ, ಮೂತ್ರದ ಶೇಷ, ಹಳೆಯ ಸೋಪಿನ ಜಿಡ್ಡು ಇದ್ದರೆ ಕ್ಲೋರಿನ್ ಅದರ ಮೇಲೆಯೇ ಖರ್ಚಾಗಿ ಹೋಗುತ್ತದೆ, ಸೂಕ್ಷ್ಮಾಣುಗಳಿಗೆ ಉಳಿಯುವುದೇ ಇಲ್ಲ. ಅಷ್ಟೇ ಅಲ್ಲ, ಮೂತ್ರದ ಅಮೋನಿಯಾ ಜೊತೆ ಬ್ಲೀಚ್ ಸೇರಿದರೆ ಕ್ಲೋರಮಿನ್ ಎಂಬ ಕಣ್ಣು, ಗಂಟಲು ಉರಿಸುವ ಅನಿಲ ಹುಟ್ಟುತ್ತದೆ. ನಿಮ್ಮ ಇನ್ಸರ್ಟ್‌ಗಳಲ್ಲಿ ಬರುತ್ತಿರುವ ವಾಸನೆ ಅಮೋನಿಯಾದ್ದೇ ಇರಬೇಕು. ಸರಿಯಾಗಿ ಒಗೆಯದೆ ಉಳಿದ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದಾಗ ಬರುವ ವಾಸನೆ ಅದು.

ಹಾಗಾಗಿ ಉಣ್ಣೆ ಬಿಟ್ಟು ಉಳಿದದ್ದನ್ನೆಲ್ಲ ಮೊದಲು ತಣ್ಣೀರಿನಲ್ಲಿ ಜಾಲಿಸಿ. ಬಳಿಕ ಬಟ್ಟೆ ಮೆತ್ತಗಾಗಿಸುವ ಅಂಶ ಇಲ್ಲದ ಡಿಟರ್ಜೆಂಟ್ ಪುಡಿಯನ್ನು ತುಂಬ ಕೊಳೆಯಾದ ಬಟ್ಟೆಗೆ ಹೇಳಿದ ಅಳತೆಯಲ್ಲಿ ಹಾಕಿ ಬಿಸಿನೀರಿನಲ್ಲಿ ಒಗೆಯಿರಿ. ಇನ್ಸರ್ಟ್, ಚೌಕಗಳಿಗೆ 60 ಡಿಗ್ರಿ, ಪಾಕೆಟ್‌ಗಳಿಗೆ 40 ಡಿಗ್ರಿ. ಜಾಲಿಸಿದ ನೀರು ತಿಳಿಯಾಗಿ, ಒದ್ದೆ ಇನ್ಸರ್ಟ್ ಮೂಸಿದರೆ ಏನೂ ಬಾರದಂತೆ ಆಗುವವರೆಗೆ ಮುಂದಿನ ಹೆಜ್ಜೆಗೆ ಹೋಗಬೇಡಿ. ಎರಡು ಮೂರು ಸಲ ಒಗೆಯಬೇಕಾಗಬಹುದು.

ಬ್ಲೀಚ್‌ಗೆ ಅಳತೆ: ಒಂದು ಲೀಟರ್ ನೀರಿನಲ್ಲಿ ಸುಮಾರು 300 ಮಿಲಿಗ್ರಾಂ ಕ್ಲೋರಿನ್ ಇರಬೇಕು. ಲೆಕ್ಕ ಸುಲಭ. ನೀರಿನ ಲೀಟರ್ ಸಂಖ್ಯೆಯನ್ನು 30ರಿಂದ ಗುಣಿಸಿ, ಬಾಟಲಿ ಮೇಲಿರುವ ಸೋಡಿಯಂ ಹೈಪೋಕ್ಲೋರೈಟ್ ಶೇಕಡಾದಿಂದ ಭಾಗಿಸಿ, ಬಂದದ್ದು ಮಿಲಿಲೀಟರ್. 10 ಲೀಟರ್ ನೀರಿಗೆ ಶೇ 5ರ ಬ್ಲೀಚ್ ಆದರೆ 60 ಮಿ.ಲೀ., ಶೇ 4ರದ್ದಾದರೆ 75 ಮಿ.ಲೀ.

ಪ್ಲಾಸ್ಟಿಕ್ ಬಕೆಟ್ ಅಥವಾ ಟಬ್ ತೆಗೆದುಕೊಳ್ಳಿ. ಅಲ್ಯೂಮಿನಿಯಂ, ಸ್ಟೀಲ್ ಪಾತ್ರೆ ಬೇಡ, ಹೈಪೋಕ್ಲೋರೈಟ್ ಲೋಹವನ್ನು ತಿನ್ನುತ್ತದೆ. ಮೊದಲು ತಣ್ಣೀರು ತುಂಬಿ, ಬ್ಲೀಚ್ ಸುರಿದು, ಕೋಲಿನಿಂದ ಕಲಸಿ, ಆಮೇಲಷ್ಟೇ ಬಟ್ಟೆ ಹಾಕಿ. ಬಟ್ಟೆಯ ಮೇಲೆ ನೇರ ಸುರಿದರೆ ಬಿದ್ದ ಜಾಗದ ನೂಲು ಸುಟ್ಟು ತೂತಾಗುತ್ತದೆ. ಪಾಕೆಟ್‌ನ ಬಾಯಿ ತೆರೆದು ಒಳಗೂ ನೀರು ನುಗ್ಗುವಂತೆ ಅದುಮಿ. ಒಳಗೆ ಗಾಳಿ ನಿಂತರೆ ಆ ಭಾಗಕ್ಕೆ ಬ್ಲೀಚ್ ತಗಲುವುದಿಲ್ಲ. ಎಲ್ಲವೂ ಮುಳುಗಿರಬೇಕು, 30 ನಿಮಿಷ. ಹೆಚ್ಚು ಹೊತ್ತು ಬಿಟ್ಟರೆ ಎಲಾಸ್ಟಿಕ್‌ಗೆ ಪೆಟ್ಟು. ಬಿಸಿನೀರು ಬೇಡ, ಅದರಲ್ಲಿ ಹೈಪೋಕ್ಲೋರೈಟ್ ಬೇಗ ಒಡೆದು ಬಲ ಕಳೆದುಕೊಳ್ಳುತ್ತದೆ, ಘಾಟೂ ಹೆಚ್ಚು. ಕಿಟಕಿ ತೆರೆದಿರಲಿ, ಕೈಗವಸು ಹಾಕಿಕೊಳ್ಳಿ.

ಹೊರತೆಗೆದು ಎರಡು ಸಲ ತಣ್ಣೀರಿನಲ್ಲಿ ಜಾಲಿಸಿ, ಡಿಟರ್ಜೆಂಟ್ ಹಾಕಿ ಮತ್ತೊಮ್ಮೆ ಬಿಸಿನೀರಿನ ಒಗೆತ, ಮತ್ತೆ ಜಾಲಿಸಿ. ಒಣಗಿದ ಮೇಲೂ ಕ್ಲೋರಿನ್ ವಾಸನೆ ಉಳಿದಿದ್ದರೆ ಇನ್ನೊಮ್ಮೆ ಒಗೆಯಿರಿ. ವಾಸನೆ ಬೇಗ ಹೋಗಲಿ ಎಂದು ವಿನೆಗರ್ ಹಾಕುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಆಮ್ಲ ಮತ್ತು ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಶ್ವಾಸಕೋಶಕ್ಕೇ ಹಾನಿ. ಒಂಟಿಯಾಗಿ ಹಾಕಿದರೂ ವಿನೆಗರ್‌ನಿಂದ ನಂಬಿಕೆಗೆ ತಕ್ಕಷ್ಟು ಸೋಂಕು ನಿವಾರಣೆ ಆಗುವುದಿಲ್ಲ.

ಉಣ್ಣೆಯನ್ನು ಬ್ಲೀಚ್ ಹತ್ತಿರವೂ ತರಬೇಡಿ. ಉಣ್ಣೆ ಪ್ರೋಟೀನ್, ಹೈಪೋಕ್ಲೋರೈಟ್‌ನಲ್ಲಿ ಅದು ಕರಗಿಯೇ ಹೋಗುತ್ತದೆ. ಉಗುರುಬೆಚ್ಚಗಿನ ನೀರು, ಉಣ್ಣೆಗೆಂದೇ ಇರುವ ದ್ರವ ಸೋಪು, ಉಜ್ಜದೆ ಹಿಂಡದೆ ಅದುಮಿ ತೊಳೆದು, ಆಮೇಲೆ ಲ್ಯಾನೊಲಿನ್ (ಕುರಿಯುಣ್ಣೆಯ ಸಹಜ ಜಿಡ್ಡು) ಹಾಕಿದ ನೀರಿನಲ್ಲಿ ನೆನೆಸುವುದು. ಅಷ್ಟೇ. ಫಂಗಸ್ ಇದ್ದ ದಿನಗಳಲ್ಲಿ ಆ ಎರಡು ಕವರ್ ಬಳಕೆಯಲ್ಲಿದ್ದವು ಎಂದು ಗೊತ್ತಾದರೆ ನವಜಾತ ಶಿಶುವಿಗೆ ಬಳಸದೆ ಬಿಡುವುದೇ ಮೇಲು.

ಕಾವುನೀರು:

ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ಹತ್ತಿಯ ಚೌಕಗಳನ್ನು ಬ್ಲೀಚ್‌ಗೆ ಹಾಕುವ ಅಗತ್ಯವಿಲ್ಲ, ಅವನ್ನು ಕುದಿಸಬಹುದು. ಒಗೆದು ಸ್ವಚ್ಛ ಮಾಡಿದ ಮೇಲೆ ದೊಡ್ಡ ಪಾತ್ರೆಯಲ್ಲಿ, ನೀರು ಮರಳತೊಡಗಿದ ಮೇಲಿಂದ 10 ನಿಮಿಷ. ಪಾತ್ರೆಯಲ್ಲಿ ಬಟ್ಟೆ ಕಿಕ್ಕಿರಿಯದೆ ತೇಲಾಡುವಂತಿರಲಿ, ಇಲ್ಲದಿದ್ದರೆ ನಡುವಿನ ಮಡಿಕೆಗೆ ಕಾವು ತಲುಪುವುದಿಲ್ಲ. ಮೈಕ್ರೋಫೈಬರ್ ಕುದಿಸಿದರೆ ಅದರ ಕುಚ್ಚು ಮುದುಡಿ ಹೀರುವ ಗುಣ ಕುಂದುತ್ತದೆ, ಅದಕ್ಕೆ ಬ್ಲೀಚ್ ದಾರಿಯೇ ಸರಿ.

ಬರಿಯ 60 ಡಿಗ್ರಿ ಒಗೆತದಿಂದ ಬಹುತೇಕ ಬ್ಯಾಕ್ಟೀರಿಯಾ ಹೋಗುತ್ತವೆ ಎಂಬುದು ನಿಜ. ಆದರೆ ಯಂತ್ರದ ಗುಂಡಿ ಮೇಲೆ 60 ಎಂದಿದ್ದರೂ ಒಳಗಿನ ನೀರು ಅಷ್ಟು ಕಾವಿಗೆ ಏರದಿರಬಹುದು, ಏರಿದರೂ ಹೆಚ್ಚು ಹೊತ್ತು ನಿಲ್ಲದಿರಬಹುದು. ಸ್ವಂತ ಮಗುವಿನ ಡೈಪರ್‌ಗೆ ದಿನನಿತ್ಯ ಅದು ಸಾಕು. ಪರರಿಂದ ಬಂದದ್ದಕ್ಕೆ, ಅದರಲ್ಲೂ ಫಂಗಸ್ ಇತ್ತು ಎಂದು ಗೊತ್ತಿದ್ದಾಗ, ಸಾಲದು.

ಆಕ್ಸಿಜನ್ ಬ್ಲೀಚ್ ಎಂದು ಮಾರುವ ಸೋಡಿಯಂ ಪರ್ಕಾರ್ಬೊನೇಟ್ ಪುಡಿ ಕಲೆ ತೆಗೆಯಲು ಒಳ್ಳೆಯದು, ಆದರೆ ಚೆನ್ನಾಗಿ ಕೆಲಸ ಮಾಡಲು ಬಿಸಿನೀರು ಬೇಕು. ತಣ್ಣೀರಿಗೆ ಹಾಕಿ ಸೋಂಕು ಹೋಯಿತು ಎಂದುಕೊಳ್ಳಬೇಡಿ. ಕ್ಲೋರಿನ್ ಬ್ಲೀಚ್ ಜೊತೆ ಸೇರಿಸಿದರೆ ಎರಡೂ ಒಂದನ್ನೊಂದು ಕೊಂದುಕೊಳ್ಳುತ್ತವೆ. ಬಿಸಿಲೂ ಅಷ್ಟೇ: ಕಲೆ ಮಾಸುತ್ತದೆ, ಬಟ್ಟೆ ಗರಿಗರಿ ಒಣಗುತ್ತದೆ, ಆದರೆ ಮಡಿಕೆಯೊಳಗಿನ ಫಂಗಸ್‌ಗೆ ಅದನ್ನೊಂದನ್ನೇ ನೆಚ್ಚಿಕೊಳ್ಳಬಾರದು.

ಹತ್ತಿಮೂಟೆ:

ಬಹಳ ಉಪಯೋಗವಾಯಿತು. ಮೂರು ಸಂಶಯ ಉಳಿದಿವೆ. ಕೈಯಲ್ಲಿರುವ ಬ್ಲೀಚ್ ಬಾಟಲಿಯ ಮೇಲೆ ಶೇಕಡಾ ಬರೆದಿಲ್ಲ. ಎರಡು ಸಲ ಒಗೆದ ಮೇಲೆ ವಾಸನೆ ಹೋಗಿದೆ, ಆದರೆ ಏಳೆಂಟು ಇನ್ಸರ್ಟ್‌ಗಳ ಮೇಲೆ ನೀರು ಇಂಗದೆ ಹನಿಯಾಗಿ ಉರುಳುತ್ತದೆ. ಇನ್ನೊಂದು, ಉಣ್ಣೆ ಕವರ್ ಇದ್ದ ಪೆಟ್ಟಿಗೆಯ ತಳದಲ್ಲಿ ನುಸಿಗುಳಿಗೆಯ ಚೂರು ಸಿಕ್ಕಿತು, ಬಟ್ಟೆಯಲ್ಲೂ ಅದರ ವಾಸನೆ ಸಣ್ಣಗೆ ಇದೆ. ಒಗೆದರೆ ಸಾಕಲ್ಲವೇ?

ತೊಟ್ಟಿಲುಹಗ್ಗ:

ಮೂರನೆಯದಕ್ಕೆ ಮೊದಲು ಉತ್ತರಿಸಬೇಕು, ಏಕೆಂದರೆ ನೀವು ಕೇಳಿದ್ದರಲ್ಲಿ ಮಗುವಿನ ಜೀವಕ್ಕೆ ಎಲ್ಲಕ್ಕಿಂತ ಹತ್ತಿರದ ಅಪಾಯ ಇದೇ. ನುಸಿಗುಳಿಗೆಯಲ್ಲಿ ನ್ಯಾಫ್ತಲೀನ್ ಇದ್ದರೆ ಅದರ ಆವಿ ಬಟ್ಟೆಗೆ ಹಿಡಿದು, ಉಸಿರಿನಿಂದಲೂ ಚರ್ಮದಿಂದಲೂ ಶಿಶುವಿನ ಮೈ ಸೇರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರುತ್ತದೆ. ನವಜಾತ ಶಿಶುವಿನಲ್ಲಿ ಕಾಮಾಲೆ ಮಿತಿ ಮೀರಿದರೆ ಮಿದುಳಿಗೆ ಹಾನಿ. ಕೊರತೆ ಇದೆಯೋ ಇಲ್ಲವೋ ಪರೀಕ್ಷೆ ಮಾಡಿಸದೆ ತಿಳಿಯುವುದಿಲ್ಲ. ಮೈಗೆ ಎಣ್ಣೆ ಹಚ್ಚಿದ್ದರೆ ಚರ್ಮ ಇನ್ನಷ್ಟು ಹೀರಿಕೊಳ್ಳುತ್ತದೆ.

ಆ ಪೆಟ್ಟಿಗೆಯಲ್ಲಿದ್ದ ಎಲ್ಲ ಬಟ್ಟೆಯನ್ನೂ ಮನೆಯ ಹೊರಗೆ, ಗಾಳಿ ಆಡುವಲ್ಲಿ ಕೆಲವು ದಿನ ಬಿಡಿಸಿ ಹಾಕಿ, ಬಳಿಕ ಡಿಟರ್ಜೆಂಟ್‌ನಲ್ಲಿ ಮತ್ತೆ ಮತ್ತೆ ಒಗೆಯಿರಿ. ನ್ಯಾಫ್ತಲೀನ್ ನೀರಿನಲ್ಲಿ ಹೆಚ್ಚು ಕರಗುವುದಿಲ್ಲ, ಗಾಳಿಯಲ್ಲಿ ಆವಿಯಾಗುತ್ತದೆ. ಅದಕ್ಕೇ ಒಗೆಯುವುದಕ್ಕಿಂತ ಮೊದಲು ಗಾಳಿ. ವಾಸನೆ ಲವಲೇಶ ಉಳಿದಿದ್ದರೂ ಬಳಸಬೇಡಿ. ಉಣ್ಣೆಯನ್ನು ಬಿಸಿನೀರಿನಲ್ಲಿ ಒಗೆಯಲಾಗದ ಕಾರಣ ಆ ಎರಡು ಕವರ್ ಬಿಟ್ಟುಬಿಡಿ. ಮುಂದೆ ಎಂದಾದರೂ ಮಗುವಿನ ಕಣ್ಣು, ಚರ್ಮ ಹಳದಿಯಾದರೆ, ಬಿಳಿಚಿಕೊಂಡರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಅದೇ ಗಳಿಗೆಯಲ್ಲಿ ವೈದ್ಯರಲ್ಲಿಗೆ ಹೋಗಿ, ನುಸಿಗುಳಿಗೆಯ ವಿಷಯವನ್ನೂ ಹೇಳಿ.

ನೀವು ಮೊದಲು ಕೇಳಿದ ಆ್ಯಂಟಿಸೆಪ್ಟಿಕ್ ದ್ರವವೂ ಬೇಡ, ಫಿನೈಲೂ ಬೇಡ, ಅದಕ್ಕೂ ಇದೇ ಬಗೆಯ ಕಾರಣ. ಡೈಪರ್ ಒದ್ದೆಯಾಗಿ, ಬೆಚ್ಚಗೆ, ತೆಳ್ಳನೆಯ ಚರ್ಮಕ್ಕೆ ಗಂಟೆಗಟ್ಟಲೆ ಒತ್ತಿಕೊಂಡಿರುತ್ತದೆ. ನೂಲಿನಲ್ಲಿ ಉಳಿದ ರಾಸಾಯನಿಕ ಒಳಗಿಳಿಯಲು ಇದಕ್ಕಿಂತ ಅನುಕೂಲ ಬೇಕಿಲ್ಲ. 1967ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಒಂದು ಆಸ್ಪತ್ರೆಯಲ್ಲಿ ಡೈಪರ್, ಹಾಸುಬಟ್ಟೆ ಒಗೆಯುವಾಗ ಪೆಂಟಾಕ್ಲೋರೋಫಿನಾಲ್ ಇದ್ದ ಸೂಕ್ಷ್ಮಾಣುನಾಶಕ ಬಳಸಿ, ಅದರ ಶೇಷದಿಂದ ನವಜಾತ ಶಿಶುಗಳು ವಿಷವೇರಿ ಮಲಗಿದರು, ಇಬ್ಬರು ಸತ್ತರು. ಬ್ಲೀಚ್‌ನ ಅನುಕೂಲ ಇಲ್ಲೇ ಇದೆ: ಸರಿಯಾಗಿ ಜಾಲಿಸಿ ಒಗೆದರೆ ಅದು ಒಡೆದು ಉಪ್ಪಾಗಿ ನೀರಿನೊಂದಿಗೆ ಹೋಗುತ್ತದೆ.

ನೂಲುಗಂಟು:

ಉಣ್ಣೆಯ ಬಗ್ಗೆ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ, ಬಿಟ್ಟುಬಿಡಿ.

ಶೇಕಡಾ ಇಲ್ಲದ ಬ್ಲೀಚ್‌ನಲ್ಲಿ ಊಹೆ ಮಾಡಬೇಡಿ. ಕಡಿಮೆಯಾದರೆ ಕೆಲಸ ಆಗುವುದಿಲ್ಲ, ಹೆಚ್ಚಾದರೆ ಬಟ್ಟೆ ಹಾಳು. ಶೇಕಡಾ ಮತ್ತು ತಯಾರಿಕೆಯ ತಿಂಗಳು ಎರಡೂ ಇರುವ ಹೊಸ ಬಾಟಲಿ ತನ್ನಿ. ಹೈಪೋಕ್ಲೋರೈಟ್ ಇಟ್ಟಲ್ಲೇ ಬಲ ಕಳೆದುಕೊಳ್ಳುತ್ತದೆ, ಸೆಖೆ ಬೆಳಕಿಗೆ ಇನ್ನೂ ಬೇಗ. ಶೌಚಾಲಯ ತೊಳೆಯುವ ದಪ್ಪ ದ್ರವಗಳನ್ನು ಬ್ಲೀಚ್ ಎಂದು ತಿಳಿಯಬೇಡಿ, ಕೆಲವು ಪೂರಾ ಆಮ್ಲ. ಬ್ಲೀಚಿಂಗ್ ಪೌಡರೂ ಬೇಡ, ಅದರ ಸುಣ್ಣ ನೂಲಿನಲ್ಲಿ ಕೂರುತ್ತದೆ.

ನೀರು ಉರುಳುವ ಇನ್ಸರ್ಟ್‌ಗಳ ಮೇಲೆ ಜಿಡ್ಡಿನ ಪದರ ಇದೆ. ಬಟ್ಟೆ ಮೆತ್ತಗಾಗಲು ಹಾಕಿದ ದ್ರವ, ಸತುವಿನ ಮುಲಾಮು, ಇಲ್ಲವೇ ಗಡಸು ನೀರಿನಲ್ಲಿ ಸಾಬೂನು ಕಟ್ಟಿದ ಕಿಟ್ಟ, ಈ ಮೂರರಲ್ಲಿ ಒಂದು. ಪದರ ಇದ್ದಷ್ಟು ದಿನ ಬ್ಲೀಚ್ ಒಳಗಿಳಿಯುವುದಿಲ್ಲ. ಒಂದೇ ಕಡೆ ಇದ್ದರೆ ಮುಲಾಮಿನದು. ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿ ಮೃದು ಬ್ರಷ್‌ನಲ್ಲಿ ತಿಕ್ಕಿ. ಇಡೀ ಇನ್ಸರ್ಟ್ ಹಾಗಿದ್ದರೆ 10 ಲೀಟರ್ ಬಿಸಿನೀರಿಗೆ 2 ದೊಡ್ಡ ಚಮಚ ವಾಷಿಂಗ್ ಸೋಡಾ, 1 ಚಮಚ ಡಿಟರ್ಜೆಂಟ್ ಕಲಸಿ, ನೀರು ತಣ್ಣಗಾಗುವವರೆಗೆ ನಾಲ್ಕಾರು ಗಂಟೆ ನೆನೆಹಾಕಿ, ಒಗೆದು ಜಾಲಿಸಿ. ವಾಷಿಂಗ್ ಸೋಡಾ ಕ್ಷಾರ, ಕೈಗವಸು ಬೇಕು. ಪಾಕೆಟ್‌ಗಳನ್ನು ಇದಕ್ಕೆ ಹಾಕಬೇಡಿ. ಅವುಗಳ ಫ್ಲೀಸ್ ಮೇಲೆ ನೀರು ಮೊದಲು ಹನಿಯಾಗಿ ನಿಂತು ಒತ್ತಿದಾಗ ಇಳಿಯುವುದು ಸಹಜವೇ, ಅದು ದೋಷವಲ್ಲ.

ನಿಮ್ಮ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಬ್ಲೀಚ್ ತಗಲಿದಾಗ ಬಟ್ಟೆ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಆಗ ಗಾಬರಿಯಾಗಿ ಇನ್ನಷ್ಟು ಬ್ಲೀಚ್ ಸುರಿದರೆ ಕಲೆ ಗಟ್ಟಿಯಾಗುತ್ತದೆ. ಮೊದಲು ಬಕೆಟ್ ನೀರಿಗೆ ಸ್ವಲ್ಪ ಬ್ಲೀಚ್ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿ. ನೀರು ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿದರೆ ಕಬ್ಬಿಣದ ಅಂಶ ಇಲ್ಲದ ನೀರು ಬಳಸಿ.

ಒಣಗಿಸುವಾಗ ಪಾಕೆಟ್‌ಗಳನ್ನು ಸೊಂಟದ ಎರಡು ತುದಿ ಹಿಡಿದು ನೇತುಹಾಕಬೇಡಿ, ಒದ್ದೆ ಭಾರ ಎಲಾಸ್ಟಿಕ್ ಮೇಲೆ ಬೀಳುತ್ತದೆ. ಹಗ್ಗದ ಮೇಲೆ ಅಡ್ಡ ಮಡಚಿ, ಪಿಯುಎಲ್ ಬದಿ ಬಿಸಿಲಿಗೆ ಬೀಳದಂತೆ ನೆರಳಿನಲ್ಲಿ ಹಾಕಿ. ಇನ್ಸರ್ಟ್, ಚೌಕಗಳು ಬಿಸಿಲಿಗೆ ಇರಲಿ. ದಪ್ಪ ಹೊಲಿಗೆಯ ಜಾಗ ಬೆರಳಿಗೆ ತಣ್ಣಗೆ ತಾಗಿದರೆ ಇನ್ನೂ ಹಸಿ ಇದೆ, ಆಗಲೇ ಮಡಚಿ ಇಡಬೇಡಿ.