ಸಹಾಯ ಬೇಕು: ಜರ್ಮನಿಯಲ್ಲಿ ಅರಣ್ಯ ನಿರ್ವಹಣೆಯ ಕಲಿಕೆ ಮತ್ತು ಉದ್ಯೋಗ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲ್ಲೂಕಿನವಳಾದ ನಾನು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ಬಿ.ಎಸ್ಸಿ. ಮುಗಿಸಿದ್ದು, ಜರ್ಮನಿಯಲ್ಲಿ ಓದು ಮುಂದುವರಿಸಿ ಅಲ್ಲಿಯೇ ಕೆಲವು ವರ್ಷ ಕೆಲಸ ಮಾಡಬೇಕೆಂದಿದ್ದೇನೆ. ನಮ್ಮ ಮನೆಯ ಹಿಂದಿನ ಅಕೇಶಿಯಾ ನೆಡುತೋಪಿನಲ್ಲಿ ತರಗೆಲೆಯ ದಪ್ಪ ಹಾಸನ್ನು ಕೈಯಿಂದ ಸರಿಸಿ ನೋಡಿದರೆ ಅಡಿಯಲ್ಲಿ ಒಂದು ಹೊನ್ನೆಯ ಸಸಿಯೂ ಕಾಣುವುದಿಲ್ಲ. 2018ರ ಬರ ಮತ್ತು ಆನಂತರದ ತೊಗಟೆ ಜೀರುಂಡೆಯ ಹಾವಳಿಯಿಂದ ಸ್ಪ್ರೂಸ್ ಎಂಬ ಸೂಜಿಎಲೆಯ ಮರದ ತೋಪುಗಳನ್ನು ಅಪಾರವಾಗಿ ಕಳೆದುಕೊಂಡ ಜರ್ಮನಿ, ಒಂದೇ ಜಾತಿಯ ತೋಪುಗಳನ್ನು ಮಿಶ್ರ ಕಾಡುಗಳಾಗಿ ಮಾರ್ಪಡಿಸುತ್ತಿರುವ ಬಗೆಯನ್ನು ಹತ್ತಿರದಿಂದ ಕಲಿತರೆ ಮಲೆನಾಡಿಗೆ ನಿಜಕ್ಕೂ ಉಪಯೋಗವಾದೀತು ಎಂಬುದು ನನ್ನ ದೃಢವಾದ ನಂಬಿಕೆ.

ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯವು ಥಾರಾಂಟ್‌ನಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ನಡೆಸುವ ಉಷ್ಣವಲಯ ಅರಣ್ಯಶಾಸ್ತ್ರದ ಎಂ.ಎಸ್ಸಿ. ನನ್ನ ಮೊದಲ ಆಯ್ಕೆ. ಮೂರು ವರ್ಷದ ‘ಫೋರ್ಸ್ಟ್‌ವಿರ್ಟ್’ (ಕುಶಲ ಅರಣ್ಯ ಕೆಲಸಗಾರ) ವೃತ್ತಿತರಬೇತಿಯೂ ಮನಸ್ಸಿನಲ್ಲಿದೆ. ಅದರಲ್ಲಿ ಮರ ಕಡಿಯುವುದು, ನೆಡುವುದು, ಎಳೆಯ ಕಾಡನ್ನು ಪೋಷಿಸುವುದನ್ನು ಕಾಡಿನಲ್ಲಿಯೇ ಕಲಿಸಿ ಭತ್ಯೆಯನ್ನೂ ಕೊಡುತ್ತಾರೆ, ಆದರೆ ಜರ್ಮನ್ ಭಾಷೆ ಚೆನ್ನಾಗಿ ಬರಲೇಬೇಕು. ಅಲ್ಲಿ ಪದವಿ ಪಡೆದವರಿಗೆ ಉದ್ಯೋಗ ಹುಡುಕಲು 18 ತಿಂಗಳವರೆಗೆ ವಾಸದ ಪರವಾನಗಿ ಸಿಗುತ್ತದೆಯಾದರೂ, ಕಾಯಂ ಸರ್ಕಾರಿ ಅಧಿಕಾರಿಯ ಹುದ್ದೆಗೆ ಸಾಮಾನ್ಯವಾಗಿ ಐರೋಪ್ಯ ಒಕ್ಕೂಟದ ಪೌರತ್ವ ಬೇಕಾಗುವುದೇ ನನ್ನ ಮುಖ್ಯ ಚಿಂತೆ.

ಆದ್ದರಿಂದ ಅಲ್ಲಿ ಓದಿದವರು ಅಥವಾ ಕೆಲಸದಲ್ಲಿರುವವರು ದಯವಿಟ್ಟು ತಿಳಿಸಬೇಕು: ಖಾಸಗಿ ಕಾಡುಗಳ ಒಡೆಯರು ಮತ್ತು ಅರಣ್ಯ ಸಲಹಾ ಸಂಸ್ಥೆಗಳು ವಿದೇಶಿ ಪದವೀಧರರನ್ನು ಒಪ್ಪಂದದ ಮೇಲೆ ತೆಗೆದುಕೊಳ್ಳುತ್ತವೆಯೇ? ವಿದ್ಯಾರ್ಥಿ ವೀಸಾಕ್ಕೆ ಮೊದಲು ಬೇಕಾಗುವ, ನಮ್ಮ ಶೈಕ್ಷಣಿಕ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ನಿಮ್ಮ ಕೈಸೇರಲು ಎಷ್ಟು ಕಾಲ ಹಿಡಿಯಿತು? ಶಿವಮೊಗ್ಗದಲ್ಲಿ ಜರ್ಮನ್ ಕಲಿಸುವವರು ಯಾರಾದರೂ ಇದ್ದರೆ ಅದನ್ನೂ ತಿಳಿಸಿ.